ತಲೆಗೆ ಬಿಸಿಲು, ಬೇರಿಗೆ ತಂಪು

ಸಿಂಗಪುರದ ಟೆಕ್ಕಾ ಮಾರುಕಟ್ಟೆಯಲ್ಲಿ ‘ಬಾಯಂ’ ಕೊಡಿ ಎಂದರೆ ಕೈಗೆ ಬರುವುದು ನಮ್ಮ ಹರಿವೆ ಸೊಪ್ಪು. ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಬಸ್ಸಾರಿಗೂ ಹುಳಿಗೂ ಅದೇ ಆಧಾರ. ಹರಿವೆ ಸೆಕೆಗೆ ಒಗ್ಗಿದ ಸೊಪ್ಪು. ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಈ ದ್ವೀಪದಲ್ಲಿ ಹುಲುಸಾಗಿ ಬರುತ್ತದೆ. ಲೆಟ್ಯೂಸ್ ಹಾಗಲ್ಲ, ಅದು ತಂಪು ಸೀಮೆಯ ಬೆಳೆ. ಬೆಂಗಳೂರಿಗಾದರೂ ಒಂಬೈನೂರು ಮೀಟರ್ ಎತ್ತರದ ಭಾಗ್ಯವಿದೆ, ಇರುಳಿಗೆ ತಂಗಾಳಿಯಿದೆ. ಸಿಂಗಪುರದಲ್ಲಿ ನಡುರಾತ್ರಿಯೂ 25 ಡಿಗ್ರಿಯ ಆಸುಪಾಸು. ಬಿಸಿಲಿಗೆ ಕಾದ ಹಸಿರುಮನೆಯೊಳಗಂತೂ ಹಗಲು 40 ಮುಟ್ಟುತ್ತದೆ.

ಇಡೀ ಹಸಿರುಮನೆಯನ್ನು ತಂಪು ಮಾಡಲು ಹೊರಟರೆ ಕರೆಂಟ್ ಬಿಲ್ಲಿನಲ್ಲೇ ಬೆಳೆ ಮುಳುಗುತ್ತದೆ. ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಸಸ್ಯವಿಜ್ಞಾನಿ ಲೀ ಸಿಂಗ್ ಕಾಂಗ್ ಬೇರೆ ದಾರಿ ಹಿಡಿದರು: ಗಿಡವನ್ನೆಲ್ಲ ಯಾಕೆ, ಬೇರನ್ನಷ್ಟೇ ತಂಪಾಗಿಟ್ಟರೆ ಸಾಲದೇ? ಮಣ್ಣಿಲ್ಲದ ಮುಚ್ಚಿದ ತೊಟ್ಟಿಯಲ್ಲಿ ಬೇರುಗಳನ್ನು ಗಾಳಿಯಲ್ಲೇ ಇಳಿಬಿಟ್ಟು, ತಣ್ಣಗಿನ ಪೋಷಕ ದ್ರಾವಣವನ್ನು ಮಂಜಿನಂತೆ ಸಿಂಪಡಿಸುವ ಏರೋಪಾನಿಕ್ಸ್ ವಿಧಾನ ಅದಕ್ಕೆ ಒದಗಿಬಂತು. ಎಲೆಗಳು ಉರಿಬಿಸಿಲಿನಲ್ಲೇ ಇದ್ದವು, ಬೇರು ಮಾತ್ರ 20 ಡಿಗ್ರಿಯಲ್ಲಿ. ಲೆಟ್ಯೂಸ್ ಬೆಳೆಯಿತು!

ಯಾಕೆ ಬೆಳೆಯಿತು ಎಂಬುದನ್ನು ಲೀ ಮತ್ತು ಅವರ ಸಹೋದ್ಯೋಗಿ ಹೆ ಜಿಯೆ 1990ರ ದಶಕದಿಂದ ಬಿಡಿಸುತ್ತ ಬಂದರು. ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ. ಬೇರು ಬಿಸಿಯಾದ ಗಿಡದಲ್ಲಿ ಮಧ್ಯಾಹ್ನ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಎತ್ತಿಕೊಡಲಾರದು. ಇರುವ ನೀರು ಉಳಿಯಲೆಂದು ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದಿಲ್ಲ, ತಲೆಯ ಮೇಲೆ ಧಾರಾಳ ಬಿಸಿಲಿದ್ದರೂ ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ. ಬೇರಿನ ರೂಪವೂ ಬದಲಾಗುತ್ತದೆ: ಬಿಸಿಯಲ್ಲಿ ಮೋಟಾಗಿ ದಪ್ಪಗಾಗುವ ಬೇರು ತಂಪಿನಲ್ಲಿ ಉದ್ದವಾಗಿ, ನವಿರಾಗಿ, ನೂರಾರು ತುದಿಗಳಾಗಿ ಕವಲೊಡೆಯುತ್ತದೆ. ನೀರು, ಗೊಬ್ಬರ ಹೀರುವ ಮೈ ಅಷ್ಟು ಹೆಚ್ಚುತ್ತದೆ. ಅಡಿಕೆ ಮರದ ಬುಡಕ್ಕೆ ದರಕು ಹಾಸುವ ಮಲೆನಾಡಿಗರಿಗೆ ಬುಡ ತಂಪಾಗಿರಬೇಕೆಂಬುದು ಮೊದಲೇ ಗೊತ್ತು. ಎಷ್ಟು ಡಿಗ್ರಿ, ಅದರಿಂದ ಎಲೆಗೇನು ಲಾಭ ಎಂದು ಅಳೆದು ತೋರಿಸಿದ್ದು ಈ ಪ್ರಯೋಗಾಲಯದ ಕೆಲಸ.

ಸಿಂಗಪುರಕ್ಕೆ ಇದು ಬರಿಯ ಕುತೂಹಲವಲ್ಲ. ತಿನ್ನುವ ಆಹಾರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರಬೇಕು. ಪೌಷ್ಟಿಕಾಂಶದ ಅಗತ್ಯದಲ್ಲಿ ನೂರಕ್ಕೆ 30 ಭಾಗವನ್ನು 2030ರೊಳಗೆ ತಾನೇ ಬೆಳೆದುಕೊಳ್ಳುತ್ತೇನೆಂದು 2019ರಲ್ಲಿ ಅದು ಗುರಿ ಹಾಕಿಕೊಂಡಿತು. ಬಹುಮಹಡಿ ತೋಟಗಳು ಎದ್ದವು. ವಿದ್ಯುತ್ತಿನ ಬೆಲೆ ತಾಳಲಾರದೆ ಹಲವು ಬಾಗಿಲು ಹಾಕಿದವು. 2025ರ ನವೆಂಬರಿನಲ್ಲಿ ಸರ್ಕಾರ ಆ ಗುರಿಯನ್ನು ಕೈಬಿಟ್ಟು, 2035ರ ಹೊತ್ತಿಗೆ ತರಕಾರಿ, ಮೊಳಕೆ ಕಾಳು, ಅಣಬೆಯಂಥ ನಾರಿನಂಶದ ಆಹಾರದಲ್ಲಿ 20 ಭಾಗ, ಮೊಟ್ಟೆ–ಮೀನಿನಂಥ ಪ್ರೋಟೀನಿನಲ್ಲಿ 30 ಭಾಗ ಎಂದು ಬದಲಿಸಿತು. ಇದನ್ನು ಸೋಲೆಂದು ನಾನು ಕರೆಯಲಾರೆ. ಆದರೆ ಬೆಳೆಯಬಲ್ಲೆವೇ ಎಂಬ ಪ್ರಶ್ನೆ ಮುಗಿದು, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲೆವೇ ಎಂಬುದು ಎದುರು ನಿಂತಿದೆ.

ಅದೇ ಪ್ರಶ್ನೆ ಹಿಡಿದು 2016ರಲ್ಲೇ ಹೆ ಜಿಯೆ ತಂಡ ಒಂದು ಪ್ರಯೋಗ ಪ್ರಕಟಿಸಿತು. ‘ಸಲೀನಾಸ್’ ಎಂಬ ಲೆಟ್ಯೂಸ್ ತಳಿ, ಅದರ ಕಾಡುಬಂಧು, ಎರಡರ ಸಂಕರದಿಂದ ಬಂದ ಒಂದು ತಳಿ. ಬೇರಿಗೆ ಒಂದು ಕಡೆ 24 ಡಿಗ್ರಿ, ಇನ್ನೊಂದು ಕಡೆ 30ರಿಂದ 37. ಒಂದು ನಿಮಿಷದ ಮಂಜು, ಐದು ನಿಮಿಷಕ್ಕೊಮ್ಮೆ ಅಥವಾ ಹತ್ತು ನಿಮಿಷಕ್ಕೊಮ್ಮೆ. ತಂಪಿನಲ್ಲಿ ಮೂರೂ ಚೆನ್ನಾಗಿ ಬಂದವು, ಸತ್ತ ಗಿಡಗಳೂ ಕಡಿಮೆ. ಕಾಡುಬಂಧುವಿಗೂ ಸಂಕರಕ್ಕೂ ಐದು ನಿಮಿಷಕ್ಕೊಮ್ಮೆಯ ಮಂಜೇ ಬೇಕಾಯಿತು. ಸಲೀನಾಸ್ ಮಾತ್ರ, ಬೇರು ತಂಪಾಗಿದ್ದರೆ ಸಾಕು, ಹತ್ತು ನಿಮಿಷಕ್ಕೊಮ್ಮೆ ಸಿಂಪಡಿಸಿದರೂ ಅಷ್ಟೇ ತೂಗಿತು. ಅಂದರೆ ಸರಿಯಾದ ತಳಿ ಸಿಕ್ಕರೆ ಪಂಪಿಗೆ ಇನ್ನಷ್ಟು ಬಿಡುವು ಕೊಡಬಹುದು.

ಈ ಪಾಠ ನಮಗೂ ಸಲ್ಲುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಪಾಲಿಹೌಸುಗಳಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವರು ಏಪ್ರಿಲ್ ಬಂದರೆ ಮೇಲಿನ ನೆರಳುಬಲೆಯನ್ನು ನೋಡುತ್ತಾರೆ. ಬಿಸಿಲಿಗೆ ಬಿದ್ದ ಕಪ್ಪು ಹನಿ ಪೈಪಿನೊಳಗೆ ಮಧ್ಯಾಹ್ನ ನೀರು ಎಷ್ಟು ಕಾದು ಬೇರಿಗಿಳಿಯುತ್ತದೆ ಎಂದು ಒಂದು ಥರ್ಮಾಮೀಟರ್ ಹಿಡಿದೂ ನೋಡಬೇಕು.