ಕುಸ್ತಿಪಟುಗಳನ್ನೇ ಕೆಡವಿದ ಕರಾಟೆ ಹುಡುಗ

2004ರ ಅಕ್ಟೋಬರ್ 22. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಯುಎಫ್‌ಸಿ ಎಂಬ ಮಿಶ್ರ ಸಮರ ಕಲೆಯ ಸಂಸ್ಥೆಯ ವೆಲ್ಟರ್‌ವೇಟ್ ತೂಕದ ಪಟ್ಟಕ್ಕಾಗಿ ಕಾಳಗ. ಮೊದಲ ಸುತ್ತು ಮುಗಿಯಲು ಒಂದೇ ಒಂದು ಸೆಕೆಂಡು ಬಾಕಿ ಇದ್ದಾಗ, ಮ್ಯಾಟ್ ಹ್ಯೂಸ್ ಹಾಕಿದ, ತೋಳನ್ನು ಬಾಗಿಸುವ ಆರ್ಮ್‌ಬಾರ್ ಪಟ್ಟಿನಲ್ಲಿ ಸಿಕ್ಕಿಬಿದ್ದ 23 ವರ್ಷದ ಕೆನಡಾದ ಹುಡುಗ ಕೈ ತಟ್ಟಿ ಸೋಲೊಪ್ಪಿಕೊಂಡ. ಹ್ಯೂಸ್ ಅವನ ಆರಾಧ್ಯ ಹೋರಾಟಗಾರ. ಕಾಳಗಕ್ಕೆ ಮುನ್ನ ಎದುರುಬದುರು ನಿಂತಾಗ ಅವರ ಕಣ್ಣನ್ನು ನೇರವಾಗಿ ನೋಡಲೂ ತನಗೆ ಆಗಲಿಲ್ಲ ಎಂದು ಜಾರ್ಜ್ ಸೇಂಟ್‌ಪಿಯರ್ ಆಮೇಲೆ ಹೇಳಿಕೊಂಡಿದ್ದಾರೆ.

ಜಿಎಸ್‌ಪಿ ಎಂದೇ ಅಭಿಮಾನಿಗಳು ಕರೆಯುವ ಈ ಸೇಂಟ್‌ಪಿಯರ್ ನಿವೃತ್ತರಾದಾಗ ಲೆಕ್ಕ ಹೀಗಿತ್ತು: 26 ಗೆಲುವು, 2 ಸೋಲು. ಸೋಲಿಸಿದ ಇಬ್ಬರಿಗೂ ಅವರು ತಿರುಗಿ ಸೋಲುಣಿಸಿದ್ದರು. ಮಿಶ್ರ ಸಮರ ಕಲೆಯ, ಅಂದರೆ ಎಂಎಂಎಯ ಚರಿತ್ರೆಯಲ್ಲಿ ಅವರಿಗಿಂತ ಬಲವಾಗಿ ಗುದ್ದುವವರು ಇದ್ದರು, ಅವರಿಗಿಂತ ಚೆನ್ನಾಗಿ ನೆಲದ ಪಟ್ಟು ಹಾಕುವವರೂ ಇದ್ದರು. ಆದರೂ ಸಕಲಕಲಾವಲ್ಲಭ ಎಂಬ ಮಾತು ಬಂದಾಗಲೆಲ್ಲ ಇವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಅದು ಹೇಗಾಯಿತು ಎಂಬುದು ಅವರು ಗೆದ್ದ ಬೆಲ್ಟುಗಳಿಗಿಂತ ಸ್ವಾರಸ್ಯದ ಕಥೆ.

ಹುಟ್ಟಿದ್ದು 1981ರಲ್ಲಿ, ಕೆನಡಾದ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಇಸಿಡೋರ್ ಎಂಬ ಸಣ್ಣ ಊರಿನಲ್ಲಿ. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ. ಅದಕ್ಕೆ ಮದ್ದೆಂಬಂತೆ ಏಳರ ವಯಸ್ಸಿನ ಹೊತ್ತಿಗೆ ಕ್ಯೋಕುಶಿನ್ ಕರಾಟೆ ಶುರುವಾಯಿತು. ಕ್ಯೋಕುಶಿನ್ ಎಂದರೆ ಗಾಳಿಯಲ್ಲಿ ಕೈ ಬೀಸಿ ಅಂಕ ಗಳಿಸುವ ಕರಾಟೆಯಲ್ಲ, ಮೈಗೆ ಮೈ ತಾಗಿಸಿ ಹೊಡೆದು ಹೊಡೆಸಿಕೊಳ್ಳುವ ಕಠಿಣ ಪದ್ಧತಿ. ಗುರುಗಳು ತೀರಿಕೊಂಡ ಮೇಲೆ ಹುಡುಗ ಕುಸ್ತಿ, ಬಾಕ್ಸಿಂಗ್, ಬ್ರೆಜಿಲಿಯನ್ ಜಿಯು-ಜಿತ್ಸು ಕಡೆಗೆ ಹೊರಳಿದ. ಅಷ್ಟರಲ್ಲಿ 1993ರ ಮೊದಲ ಯುಎಫ್‌ಸಿಯಲ್ಲಿ ತೆಳ್ಳಗಿನ ರಾಯ್ಸ್ ಗ್ರೇಸಿ ತನಗಿಂತ ದಪ್ಪನೆಯವರನ್ನು ನೆಲಕ್ಕೆ ಎಳೆದು ಸೋಲಿಸಿದ ದೃಶ್ಯ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ವಿದ್ಯೆ ಕಲಿಯಲು ದುಡ್ಡು ಬೇಕಲ್ಲ! ಅವರು ಮಾಂಟ್ರಿಯಲ್ ಕಡೆ ಕಸದ ಗಾಡಿಯಲ್ಲಿ ಕೆಲಸ ಮಾಡಿದರು, ರಾತ್ರಿ ಕ್ಲಬ್ಬಿನ ಬಾಗಿಲಲ್ಲಿ ಕಾವಲು ನಿಂತರು. ಜೊತೆಗೆ ಓದು ಬೇರೆ. ಬಿಡುವು ಸಿಕ್ಕಾಗ ಬಸ್ಸು ಹತ್ತಿ ಗಡಿ ದಾಟಿ ನ್ಯೂಯಾರ್ಕಿಗೆ, ರೆಂಜೊ ಗ್ರೇಸಿಯವರ ಜಿಯು-ಜಿತ್ಸು ಶಾಲೆಗೆ ಹೋಗುತ್ತಿದ್ದರು. ಇಂಗ್ಲಿಷ್ ಆಗಿನ್ನೂ ತಡವರಿಕೆ. ಅಲ್ಲಿ ಪಾಠ ಹೇಳುತ್ತಿದ್ದ ಜಾನ್ ಡ್ಯಾನಹರ್ ಮುಂದೆ ಅವರ ಬಹುಕಾಲದ ಗುರುವಾದರು. ಮಾಂಟ್ರಿಯಲ್‌ನಲ್ಲಿ ಟ್ರೈಸ್ಟಾರ್ ಜಿಮ್‌ನ ಫಿರಾಸ್ ಜಹಾಬಿ, ಆಲ್ಬುಕರ್ಕಿಯಲ್ಲಿ ಗ್ರೆಗ್ ಜ್ಯಾಕ್ಸನ್, ಬಾಕ್ಸಿಂಗ್‌ಗೆ ಫ್ರೆಡ್ಡಿ ರೋಚ್, ಜೊತೆಗೆ ಜಿಮ್ನಾಸ್ಟಿಕ್ಸ್ ತರಬೇತಿ. ಪಟ್ಟ ಗೆದ್ದ ಮೇಲೂ ಈ ಅಲೆದಾಟ ನಿಲ್ಲಲಿಲ್ಲ.

ಇವೆಲ್ಲದರ ನಡುವೆ ಬೆರಗು ಹುಟ್ಟಿಸುವುದು ಅವರ ಕುಸ್ತಿ. ಅಮೆರಿಕದ ಹೋರಾಟಗಾರರಲ್ಲಿ ಅನೇಕರು ಶಾಲೆ, ಕಾಲೇಜುಗಳಲ್ಲೇ ಕುಸ್ತಿ ಆಡಿ ಬೆಳೆದವರು. ಸೇಂಟ್‌ಪಿಯರ್ ಕಾಲೇಜು ಕುಸ್ತಿಯ ಕಣಕ್ಕೆ ಇಳಿದವರೇ ಅಲ್ಲ. ಹತ್ತೊಂಬತ್ತು ಇಪ್ಪತ್ತರ ಆಸುಪಾಸಿನಲ್ಲಿ ಮಾಂಟ್ರಿಯಲ್‌ನ ಕುಸ್ತಿ ಕ್ಲಬ್ಬಿಗೆ ಸೇರಿ, ಕೆನಡಾದ ರಾಷ್ಟ್ರೀಯ ಮಟ್ಟದ ಪಟುಗಳ ಕೈಯಲ್ಲಿ ದಿನಾ ನೆಲಕ್ಕೆ ಬೀಳುತ್ತ ಕಲಿತವರು. ಹಾಗೆ ಕಲಿತವರು ಮುಂದೆ ಅಮೆರಿಕದ ಕಾಲೇಜು ಚಾಂಪಿಯನ್ನರನ್ನು ಎತ್ತಿ ಕೆಡವಿದರು.

ಗುಟ್ಟು ಇರುವುದು ಅವರ ಕರಾಟೆಯ ಹೆಜ್ಜೆಯಲ್ಲಿ. ಕರಾಟೆಯವರು ಎದುರಾಳಿಯಿಂದ ದೂರ ನಿಂತು, ಒಂದೇ ನೆಗೆತಕ್ಕೆ ಒಳನುಗ್ಗಿ ಹೊಡೆದು ಹಿಂದೆ ಸರಿಯುತ್ತಾರೆ. ಸೇಂಟ್‌ಪಿಯರ್ ಅದೇ ನೆಗೆತವನ್ನು ಎರಡು ಕೆಲಸಕ್ಕೆ ಬಳಸಿದರು. ಒಮ್ಮೆ ನುಗ್ಗಿದರೆ ಮುಖಕ್ಕೆ ಜ್ಯಾಬ್ ಎಂಬ ನೇರ ಗುದ್ದು ಬೀಳುತ್ತಿತ್ತು, ಇನ್ನೊಮ್ಮೆ ಅದೇ ಭಂಗಿಯಲ್ಲಿ ನುಗ್ಗಿ ಬಗ್ಗಿದರೆ ಎರಡೂ ತೊಡೆ ಅವರ ತೋಳಿನೊಳಗೆ. ಗುದ್ದು ತಡೆಯಲು ಕೈ ಮೇಲೆತ್ತಿದವನು ಕಾಲು ಕೊಟ್ಟ, ಕಾಲು ಕಾಯಲು ಬಗ್ಗಿದವನು ಮುಖ ಕೊಟ್ಟ. ಇಷ್ಟಕ್ಕೂ ಕುಸ್ತಿ ಕಣದಲ್ಲಿ ಬಗ್ಗಿ ನಿಲ್ಲುವ ಪೈಲ್ವಾನ, ಗುದ್ದಿನ ಭಯವಿರುವ ಎಂಎಂಎ ಕೇಜಿನಲ್ಲಿ ನೆಟ್ಟಗೆ ನಿಲ್ಲಲೇಬೇಕು. ಅಲ್ಲಿಗೆ ಅವನ ಅರ್ಧ ಕುಸ್ತಿ ಹೋದಂತೆಯೇ. ಆ ಕಾಲದ ಬಹುತೇಕ ಹೋರಾಟಗಾರರ ಆಟ ಕೌದಿಯಂತಿತ್ತು; ಬಾಕ್ಸಿಂಗ್ ಎಲ್ಲಿ ಮುಗಿಯಿತು, ಕುಸ್ತಿ ಎಲ್ಲಿ ಶುರುವಾಯಿತು ಎಂಬ ಹೊಲಿಗೆ ಎದ್ದು ಕಾಣುತ್ತಿತ್ತು. ಇವರಲ್ಲಿ ಆ ಹೊಲಿಗೆ ಸಿಗುವುದಿಲ್ಲ. ಬಹುಮುಖ ಪ್ರತಿಭೆ ಎಂದರೆ ನಾಲ್ಕು ವಿದ್ಯೆ ತಿಳಿದಿರುವುದಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣ ಎಂಬುದು ನನ್ನ ಅಭಿಪ್ರಾಯ.

2006ರ ನವೆಂಬರ್‌ನಲ್ಲಿ ಹ್ಯೂಸ್ ಮತ್ತೆ ಎದುರಾದರು. ಈ ಸಲ ಎರಡನೇ ಸುತ್ತಿನಲ್ಲಿ ತಲೆಗೆ ಬಿದ್ದ ಒದೆತದಿಂದ ಹ್ಯೂಸ್ ನೆಲಕ್ಕುರುಳಿದರು, ಪಟ್ಟ ಕೈಗೆ ಬಂತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಐದೇ ತಿಂಗಳಿಗೆ, 2007ರ ಏಪ್ರಿಲ್ 7ರಂದು ಹ್ಯೂಸ್ಟನ್‌ನಲ್ಲಿ, ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಮ್ಯಾಟ್ ಸೆರಾ ಮೊದಲ ಸುತ್ತಿನಲ್ಲೇ ಸೇಂಟ್‌ಪಿಯರ್ ಅವರನ್ನು ಗುದ್ದಿ ಬೀಳಿಸಿಬಿಟ್ಟರು. ಈ ಕ್ರೀಡೆಯ ಅತಿ ದೊಡ್ಡ ಅನಿರೀಕ್ಷಿತ ಫಲಿತಾಂಶಗಳಲ್ಲಿ ಅದೂ ಒಂದು. ಸೇಂಟ್‌ಪಿಯರ್ ಮನಶ್ಶಾಸ್ತ್ರಜ್ಞರ ನೆರವು ಪಡೆದರು. ಒಂದು ಇಟ್ಟಿಗೆಯ ಮೇಲೆ ಸೆರಾ ಹೆಸರು ಬರೆದು, ಮನಸ್ಸು ಹಗುರಾಗಲೆಂದು ಅದನ್ನು ನದಿಗೆ ಎಸೆದರಂತೆ.

ಆಮೇಲಿನದು ಏರುಹಾದಿ. 2007ರ ಆಗಸ್ಟ್‌ನಲ್ಲಿ ಕಾಲೇಜು ಕುಸ್ತಿಯ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಜಾಶ್ ಕೊಸ್ಚೆಕ್ ಅವರನ್ನು ಕುಸ್ತಿಯಲ್ಲೇ ಮಣಿಸಿದರು. ಡಿಸೆಂಬರ್‌ನಲ್ಲಿ ಹ್ಯೂಸ್ ಅವರನ್ನು ಮೂರನೇ ಬಾರಿ ಎದುರಿಸಿ, ಮೂರು ವರ್ಷದ ಹಿಂದೆ ತಮ್ಮನ್ನು ಸೋಲಿಸಿದ ಅದೇ ಆರ್ಮ್‌ಬಾರ್‌ನಿಂದ ಗೆದ್ದರು. 2008ರ ಏಪ್ರಿಲ್‌ನಲ್ಲಿ ಯುಎಫ್‌ಸಿ ಮೊದಲ ಬಾರಿಗೆ ಕೆನಡಾಕ್ಕೆ ಬಂದಾಗ, ಮಾಂಟ್ರಿಯಲ್‌ನ ಬೆಲ್ ಸೆಂಟರಿನಲ್ಲಿ, ತಮ್ಮವರ ಮುಂದೆಯೇ ಸೆರಾ ಅವರಿಂದ ಪಟ್ಟ ವಾಪಸು ಪಡೆದರು. ಮುಂದೆ ಒಂಬತ್ತು ಬಾರಿ ಅದನ್ನು ಉಳಿಸಿಕೊಂಡರು. 2011ರಲ್ಲಿ ಟೊರಾಂಟೊದ ರೋಜರ್ಸ್ ಸೆಂಟರಿನಲ್ಲಿ ಅವರನ್ನು ನೋಡಲು 55 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಆ ಒಂಬತ್ತರಲ್ಲಿ ಎಂಟು ಗೆಲುವು ತೀರ್ಪುಗಾರರ ಅಂಕಗಳಿಂದ ಬಂದವು. ರಿಸ್ಕ್ ತೆಗೆದುಕೊಳ್ಳುವುದಿಲ್ಲ, ಬೇಸರ ಹುಟ್ಟಿಸುತ್ತಾರೆ ಎಂಬ ಗೊಣಗಾಟ ಆಗಲೇ ಶುರುವಾಗಿತ್ತು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸೆರಾ ಕೊಟ್ಟ ಪಾಠ ಕಲಿತವರು ಒಂದು ಗುದ್ದಿಗೆ ಪಟ್ಟವನ್ನು ಪಣವಿಡಲಿ ಎಂದು ಸೋಫಾದ ಮೇಲೆ ಕೂತವರು ಬಯಸುವುದು ಅನ್ಯಾಯ. 2010ರಲ್ಲಿ ಕೊಸ್ಚೆಕ್ ಎದುರಿನ ಎರಡನೇ ಕಾಳಗದಲ್ಲಿ ಐದೂ ಸುತ್ತು ಜ್ಯಾಬ್ ಮೇಲೆ ಜ್ಯಾಬ್ ಹಾಕಿ, ಎದುರಾಳಿಯ ಬಲಗಣ್ಣಿನ ಸುತ್ತಲಿನ ಮೂಳೆ ಮುರಿದಿದ್ದನ್ನು ನೋಡಿದವರಿಗೆ ಬೇಸರದ ಮಾತು ನೆನಪಾಗಲಾರದು.

ಆಮೇಲೆ ಸೇಂಟ್‌ಪಿಯರ್ ಅವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮರಳಿದ ಮೇಲಿನ ಮೂರನೇ ಕಾಳಗ 2013ರ ನವೆಂಬರ್‌ನಲ್ಲಿ ಜಾನಿ ಹೆಂಡ್ರಿಕ್ಸ್ ಜೊತೆ. ತೀರ್ಪುಗಾರರ ಒಮ್ಮತವಿಲ್ಲದೆ ಸಿಕ್ಕ ಗೆಲುವದು. ಮುಂದಿನ ತಿಂಗಳೇ ಪಟ್ಟ ಬಿಟ್ಟುಕೊಟ್ಟು ದೂರ ಸರಿದರು. ಉದ್ದೀಪನ ಮದ್ದಿನ ಪರೀಕ್ಷೆ ಸಾಲದು ಎಂಬ ಅಸಮಾಧಾನವೂ ಅದರ ಹಿಂದಿತ್ತು. ನಾಲ್ಕು ವರ್ಷದ ಬಳಿಕ, 2017ರ ನವೆಂಬರ್ 4ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಒಂದು ಮೆಟ್ಟಿಲು ಮೇಲಿನ ಮಿಡಲ್‌ವೇಟ್ ವಿಭಾಗದಲ್ಲಿ ಮೈಕಲ್ ಬಿಸ್ಪಿಂಗ್ ಅವರನ್ನು ಎಡಗೈ ಹುಕ್‌ನಿಂದ ಬೀಳಿಸಿ, ಹಿಂದಿನಿಂದ ಕತ್ತು ಬಿಗಿದು ಗೆದ್ದರು. ಯುಎಫ್‌ಸಿಯಲ್ಲಿ ಎರಡು ತೂಕದ ಪಟ್ಟ ಗೆದ್ದ ನಾಲ್ಕನೆಯವರಾದರು. ಕರುಳಿನ ಕಾಯಿಲೆ ಕಾಡಿದ್ದರಿಂದ ಆ ಪಟ್ಟವನ್ನು ತಿಂಗಳೊಪ್ಪತ್ತಿನಲ್ಲೇ ಬಿಟ್ಟುಕೊಟ್ಟರು. 2019ರ ಫೆಬ್ರುವರಿಯಲ್ಲಿ ನಿವೃತ್ತಿ.

ಅವರ ಒಂದೇ ಕಾಳಗ ನೋಡುವ ಬಿಡುವು ನಿಮಗಿದ್ದರೆ, ಎಲ್ಲರೂ ಹೇಳುವ ಬಿಸ್ಪಿಂಗ್ ಕಾಳಗ ಬೇಡ. 2007ರಲ್ಲಿ ಕೊಸ್ಚೆಕ್ ಜೊತೆ ನಡೆದ ಮೊದಲನೆಯದನ್ನು ನೋಡಿ. ನೋಡುವಾಗ ಕೈಯನ್ನು ಬಿಟ್ಟು ಸೇಂಟ್‌ಪಿಯರ್ ಅವರ ಪಾದಗಳನ್ನು ಗಮನಿಸಿ.