ಐದು ಗೆರೆ, ಹನ್ನೆರಡು ಸ್ವರ

ಪಿಯಾನೊದಲ್ಲಿ ‘ಸಿ’ಯಿಂದ ‘ಇ’ಗೆ ನಾಲ್ಕು ಅರೆಸ್ವರಗಳ ದೂರ, ‘ಡಿ’ಯಿಂದ ‘ಎಫ್’ಗೆ ಮೂರೇ. ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಮೇಲೆ ಬರೆದಾಗ ಮಾತ್ರ ಎರಡೂ ಜೋಡಿಗಳ ಅಂತರ ಒಂದೇ ಆಗಿ ಕಾಣುತ್ತದೆ. ಕಿವಿಗೆ ಸ್ಪಷ್ಟವಾದ ವ್ಯತ್ಯಾಸ ಹಾಳೆಯ ಮೇಲೆ ಮಾಯ.

ಹನ್ನೊಂದನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ ಗ್ವಿಡೊ ಚರ್ಚಿನ ಗಾಯಕರಿಗಾಗಿ ಗೆರೆಗಳ ಪದ್ಧತಿಯನ್ನು ರೂಪಿಸಿದಾಗ ಹಾಡಿಗೆ ಏಳು ಸ್ವರಗಳಿದ್ದರೆ ಬಹುಮಟ್ಟಿಗೆ ಸಾಕಿತ್ತು. ಮುಂದೆ ಸ್ವರಗಳು ಹನ್ನೆರಡಾದವು. ಹೆಚ್ಚುವರಿ ಐದಕ್ಕೆ ಗೆರೆಗಳಲ್ಲಿ ಜಾಗವಿರಲಿಲ್ಲ. ಶಾರ್ಪ್, ಫ್ಲ್ಯಾಟ್ ಚಿಹ್ನೆಗಳೇ ಅವುಗಳ ಗುರುತಾದವು.

ಇದನ್ನು ಸರಿಪಡಿಸಲು ಹೊರಟವರು ನೂರಾರು ಮಂದಿ. ಸಂಗೀತಗಾರ ಷೋನ್‌ಬರ್ಗ್ ಕೂಡ 1924ರಲ್ಲಿ ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಲಿಪಿಯೊಂದನ್ನು ಸೂಚಿಸಿದ್ದ. ಬಳಕೆಯಲ್ಲಿ ಗೆದ್ದದ್ದು ನೆದರ್‌ಲೆಂಡ್ಸ್‌ನ ಕೊರ್ನೆಲಿಸ್ ಪಾಟ್ 1931ರಲ್ಲಿ ಹೊರತಂದ ‘ಕ್ಲಾವರ್‌ಸ್ಕ್ರಿಬೊ’. ಇಲ್ಲಿ ಗೆರೆಗಳು ಲಂಬವಾಗಿ, ಪಿಯಾನೊದ ಕಪ್ಪು ಮನೆಗಳಂತೆಯೇ ಎರಡು–ಮೂರರ ಗುಂಪಾಗಿ ನಿಲ್ಲುತ್ತವೆ. ಕಪ್ಪು ಮನೆಯ ಸ್ವರ ಗೆರೆಯ ಮೇಲೆ, ಬಿಳಿ ಮನೆಯದು ನಡುವಿನ ಜಾಗದಲ್ಲಿ. ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಸ್ವರದ ಕಡ್ಡಿ ಬಲಕ್ಕೆ ಚಾಚಿದ್ದರೆ ಬಲಗೈ, ಎಡಕ್ಕಾದರೆ ಎಡಗೈ. ಶಾರ್ಪ್, ಫ್ಲ್ಯಾಟ್‌ಗಳ ಗೊಡವೆಯೇ ಇಲ್ಲ! ಸಾವಿರಾರು ಕೃತಿಗಳು ಈ ಲಿಪಿಯಲ್ಲಿ ಅಚ್ಚಾಗಿವೆ.

ಹನ್ನೆರಡಕ್ಕೇ ಕಥೆ ಮುಗಿಯುವುದಿಲ್ಲ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರವನ್ನೇ ನೋಡಿ. ಒಂದು ಅರೆಸ್ವರವನ್ನು ನೂರು ಸೆಂಟ್ ಎಂದು ಭಾಗಿಸಿದರೆ ಅದು ಷಡ್ಜದಿಂದ ಸುಮಾರು 386 ಸೆಂಟ್ ಮೇಲಿರುತ್ತದೆ, ಪಿಯಾನೊದ್ದು 400. ಈ 14 ಸೆಂಟ್‌ಗಳನ್ನು ಬರೆಯುವುದೆಲ್ಲಿ?

ಮೆಕ್ಸಿಕೊದ ಹುಲಿಯಾನ್ ಕರಿಯೊ ಸಪ್ತಕವನ್ನು 96 ಭಾಗ ಮಾಡಿ, ಐದು ಗೆರೆಗಳ ಹಂಗು ತೊರೆದು, 0ಯಿಂದ 95ರವರೆಗಿನ ಅಂಕಿಗಳಲ್ಲೇ ಸ್ವರ ಬರೆದ. ಧೀರ ಪ್ರಯತ್ನವೇ ಸರಿ, ಆದರೆ ಅವನ ಹಾದಿಯಲ್ಲಿ ನಡೆದವರು ಕಡಿಮೆ. ಈ ಶತಮಾನದ ಆರಂಭದಲ್ಲಿ ಮಾರ್ಕ್ ಸಬಾಟ್ ಮತ್ತು ವೊಲ್ಫ್‌ಗಾಂಗ್ ಫಾನ್ ಷ್ವೈನಿಟ್ಸ್ ಬೇರೆ ಉಪಾಯ ಹೂಡಿದರು: ಐದು ಗೆರೆಗಳು ಹಾಗೇ ಇರಲಿ, ಶಾರ್ಪ್–ಫ್ಲ್ಯಾಟ್‌ಗಳಿಗೆ ಬಾಣದ ತುದಿ ಸೇರಿಸಿ ಸೂಕ್ಷ್ಮ ಏರಿಳಿತ ಸೂಚಿಸೋಣ. ಗೊತ್ತಿರುವ ಹಾಳೆಯಲ್ಲೇ ಹೊಸ ಗುರುತುಗಳಿದ್ದುದರಿಂದ ವಾದಕರಿಗೆ ಇದು ಒಗ್ಗಿತು.

ಹಳೆಯದನ್ನು ಪೂರ್ತಿ ಮರೆಯಿರಿ ಎಂದ ಲಿಪಿಗಳಿಗೆ ಎದುರಾದದ್ದು ಶತಮಾನಗಳಿಂದ ಅಚ್ಚಾದ ಸ್ವರಪುಸ್ತಕಗಳ ರಾಶಿ. ಮನೆಯಲ್ಲಿ ತಮ್ಮ ಸಂತೋಷಕ್ಕೆ ಪಿಯಾನೊ ಕಲಿಯುವವರಿಗೆ ಕ್ಲಾವರ್‌ಸ್ಕ್ರಿಬೊ ಇಂದಿಗೂ ಒಳ್ಳೆಯ ದಾರಿ. ವಾದ್ಯವೃಂದ ಸೇರಬೇಕೆನ್ನುವವರು ಮಾತ್ರ ಐದು ಗೆರೆಗಳನ್ನು ಕಲಿಯಲೇಬೇಕು.