ಕನಿಷ್ಠ ಶಿಲ್ಕಿನ ದಂಡ
ಕಡೂರಿನ ತೆಂಗಿನ ತೋಟದವರಾಗಲಿ, ತರೀಕೆರೆಯ ಅಡಕೆ ಬೆಳೆಗಾರರಾಗಲಿ, ಅಜ್ಜಂಪುರದ ಈರುಳ್ಳಿ ಕೃಷಿಕರಾಗಲಿ, ಫಸಲಿನ ಹಣ ಕೈಸೇರುವ ತನಕ ಬರಿದಾಗಿರುವ ಉಳಿತಾಯ ಖಾತೆಯಲ್ಲಿ ಕನಿಷ್ಠ ಶಿಲ್ಕಿಲ್ಲವೆಂದು ದಂಡ ಕಡಿತವಾದುದನ್ನು ಪಾಸ್‌ಬುಕ್ಕಿನಲ್ಲಿ ಕಂಡು ವಿಧಿಯೆಂದು ಸುಮ್ಮನಾಗಬೇಕಾಗಿಲ್ಲ. 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬ್ಯಾಂಕು ಮೊದಲು ಗ್ರಾಹಕನಿಗೆ ಸೂಚನೆಯಿತ್ತು, ಶಿಲ್ಕನ್ನು ತುಂಬಲು ಒಂದು ತಿಂಗಳಿಗೆ ಕಡಮೆಯಿಲ್ಲದ ಅವಧಿಯನ್ನು ಕೊಡತಕ್ಕದ್ದು. ದಂಡವು ಕೊರತೆಯ ಪ್ರಮಾಣಕ್ಕೆ ಅನುಗುಣವಾಗಿರತಕ್ಕದ್ದು. ದಂಡದ ದೆಸೆಯಿಂದಲೇ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಕೂಡದು. ಈ ಕೊನೆಯ ವಿಧಿ ಬಡವನ ಪಾಲಿಗೆ ಅಮೂಲ್ಯವಾದುದು. ಹಣವಿಲ್ಲದವನನ್ನು ಆ ಕಾರಣಕ್ಕಾಗಿಯೇ ಸಾಲಗಾರನನ್ನಾಗಿಸುವುದು ಅನ್ಯಾಯವೇ ಸರಿ. ಈ ನಿಯಮಗಳನ್ನು ಮೀರಿ ದಂಡ ಕಡಿತವಾಗಿದ್ದರೆ, ಪಾಸ್‌ಬುಕ್ಕಿನಲ್ಲಿ ಆ ಕಡಿತವಿರುವ ಪುಟದ ಪ್ರತಿಯೊಡನೆ ಶಾಖೆಗೆ ಲಿಖಿತ ದೂರಿತ್ತು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಯಾವ ಶುಲ್ಕವೂ ಇಲ್ಲದೆ ದೂರು ಸಲ್ಲಿಸಬಹುದು.